ಹೆಣ್ಣುಮಕ್ಕಳ ಕಾಗದಗಳನ್ನು ತೆರೆದು ನೋಡುವ ವಿಷಯವಾಗಿ

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ದಾನಿಗಳ ಉಪಕಾರಸ್ಮರಣೆ ಇವುಗಳನ್ನು ಕುರಿತು ನಾಲ್ಕು ಪುಟ ಬರೆದುಕೊಡುವದು ವಾಡಿಕೆಯಾಗಿದೆ. ಆ ವರದಿಯು ಈ ಸಂಚಿಕೆಯಲ್ಲಿಯೇ ಬೇರೆಡೆಗೆ ಅಚ್ಚಾಗಿರುವದರಿಂದ ಅದನ್ನು ಇಲ್ಲಿ ಮತ್ತೆ ಹೇಳುವದಿಲ್ಲ. ಈ ಸಾರೆ ಒಂದು ಪುಸ್ತಕವನ್ನು ಕುರಿತೂ, ಅದರ ದೆಸೆಯಿಂದ ನನ್ನ ಮನಸ್ಸಿನಲ್ಲಿ ಮೇಲೆದ್ದು ಬಂದ ಒಂದು ಹಳೆಯ ಸಂಗತಿಯನ್ನು ಕುರಿತೂ ಪೂರ್ವವಿದ್ಯಾರ್ಥಿನಿಯರ ಮುಂದೆ ಮತ್ತು ಪಾಲಕರ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ವಿಷಯವು ತುಸು ಮುಜುಗರದ್ದು. ಬಾಲಿಕೆಯರ ಶಾಲೆಯ ಪುಸ್ತಕದಲ್ಲಿ ಪ್ರೇಮದ ಮಾತೇಕೆ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಿಕೊಂಡಾರು. ಅವರು ದಯಮಾಡಿ ಕೊನೆಯ ತನಕ ಓದಿ, ಆ ಬಳಿಕ ಸಿಟ್ಟಾಗಬೇಕೆಂದು ವಿನಂತಿ.

ನಮ್ಮಲ್ಲಿ ಓದಿ ಈಗ ಕಲಬುರಗಿಯಲ್ಲಿ ಇಂಗ್ಲಿಷ್ ಎಂ.ಎ. ವ್ಯಾಸಂಗ ಮಾಡುತ್ತಿರುವ ಒಬ್ಬ ಹುಡುಗಿಯು ಹೋದ ಬೇಸಿಗೆಯಲ್ಲಿ ನನ್ನನ್ನು ಕಾಣಲು ಬಂದಳು. ಕೈಯಲ್ಲಿ ತಾನು ಬರೆದ ಒಂದು ಪ್ರಬಂಧವಿತ್ತು. ಅದರೊಂದಿಗೆ ಆ ಪ್ರಬಂಧಕ್ಕೆ ಆಧಾರವಾದ ಕಾದಂಬರಿಯೂ ಇತ್ತು. "ಅಕ್ಕೋರೇ, ನೀವು ಒಮ್ಮೆ ಓದಿ ತಪ್ಪು ತಿದ್ದಿಕೊಡ್ರಿ" ಎಂದಳು. ಏಳನೆಯ ತರಗತಿಯಿಂದಲೂ ಅವಳ ಇಂಗ್ಲಿಷ್ ವ್ಯಾಕರಣದ ತಪ್ಪುಗಳನ್ನು ತಿದ್ದಿದವಳು ನಾನೇ ಆದಕಾರಣ ಇಲ್ಲವೆನ್ನಲಾಗಲಿಲ್ಲ. ಪ್ರಬಂಧದ ತಾತ್ಪರ್ಯವೇನೆಂದರೆ, ಜುಲುಮೆಯ ರಾಜ್ಯದಲ್ಲಿ ನಿಷಿದ್ಧವಾದ ಪ್ರೇಮವೇ ದಂಗೆಯಾಗುತ್ತದೆ, ಪ್ರೀತಿಸುವವರೇ ನಿಜವಾದ ಬಂಡುಕೋರರು ಎಂಬದು. ಕೆಂಪು ಪೆನ್ಸಿಲು ಹಿಡಿದುಕೊಂಡು ಕೂತೆನು. ಪ್ರಬಂಧವು ಒಂದು ತಾಸಿನಲ್ಲಿ ಮುಗಿಯಿತು. ಕಾದಂಬರಿಯು ಮಾತ್ರ ಎರಡು ರಾತ್ರಿ ನನ್ನ ನಿದ್ದೆಯನ್ನು ತೆಗೆದುಕೊಂಡಿತು.

ಆ ಪುಸ್ತಕವು ಆಂಗ್ಲ ಗ್ರಂಥಕರ್ತನಾದ ಜಾರ್ಜ್ ಆರ್ವೆಲ್ಲನ ‘ನೈನ್ಟೀನ್ ಎಯ್ಟಿ-ಫೋರ್’. ಇವನು ೧೯೦೩ರಲ್ಲಿ ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು. ಪುಸ್ತಕವು ೧೯೪೯ನೆಯ ಇಸವಿಯ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ೧೯೫೦ರ ಜನವರಿಯಲ್ಲಿ ಕ್ಷಯರೋಗದಿಂದ ಅವನು ತೀರಿಕೊಂಡನು. ಓದದಿರುವ ತಾಯಂದಿರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಲ್ಲಿ ಒಂದು ಪಕ್ಷವು ರಾಜ್ಯವನ್ನಾಳುತ್ತದೆ. ಅದರ ನಾಯಕನನ್ನು ದೊಡ್ಡಣ್ಣನೆಂದು ಕರೆಯುವರು. ಪಕ್ಷದವರ ಪ್ರತಿಯೊಂದು ಮನೆಯ ಗೋಡೆಯಲ್ಲಿಯೂ ಮಂಕಾದ ಕನ್ನಡಿಯಂಥ ಒಂದು ಲೋಹದ ಫಲಕವಿರುತ್ತದೆ. ಅದು ಮಾತನಾಡುತ್ತದೆ, ಮತ್ತು ಎದುರಿಗಿದ್ದವರನ್ನು ನೋಡುತ್ತಲೂ ಇರುತ್ತದೆ. ಮದುವೆಯಾಗಬೇಕಾದರೆ ಒಂದು ಸಮಿತಿಯ ಒಪ್ಪಿಗೆ ಬೇಕು. ಗಂಡುಹೆಣ್ಣುಗಳಿಗೆ ಒಬ್ಬರ ಮೇಲೊಬ್ಬರಿಗೆ ಮನಸ್ಸಿದೆಯೆಂದು ತೋರಿದರೆ ಆ ಸಮಿತಿಯು ಒಪ್ಪಿಗೆಯನ್ನು ನಿರಾಕರಿಸುವದು! ಪಕ್ಷಕ್ಕೆ ಸೇವಕರಾಗತಕ್ಕ ಮಕ್ಕಳನ್ನು ಹೆರುವದೇ ವಿವಾಹದ ಉದ್ದೇಶವೆಂದು ಅಲ್ಲಿಯ ನಿಯಮ. ಇಂಥ ಊರಿನಲ್ಲಿ ವಿನ್‌ಸ್ಟನ್ ಎಂಬ ಬಡಕಲು ಗುಮಾಸ್ತನೂ ಜೂಲಿಯಾ ಎಂಬ ತರುಣಿಯೂ ಪರಸ್ಪರ ಪ್ರೀತಿಸುತ್ತಾರೆ, ಒಂದು ಹಳೆಯ ಸಾಮಾನಿನ ಅಂಗಡಿಯ ಮೇಲಣ ಕೋಣೆಯನ್ನು ಬಾಡಿಗೆಗೆ ಹಿಡಿಯುತ್ತಾರೆ, ಮತ್ತು ಸಿಕ್ಕಿಬೀಳುತ್ತಾರೆ. ಅಂಗಡಿಯ ಮುದುಕನೇ ವಿಚಾರ ಪೊಲೀಸಿನವನಾಗಿದ್ದನು.

ಆರ್ವೆಲ್ಲನಿಗಿಂತ ಮುಂಚೆ ರಷ್ಯಾದ ಜ಼ಮ್ಯಾತಿನ್ ಎಂಬವನು ಇದೇ ಬಗೆಯ ಕಾದಂಬರಿಯನ್ನು ೧೯೨೦-೨೧ರಲ್ಲಿ ಬರೆದಿದ್ದನು. ಅದರಲ್ಲಿ ಮನೆಗಳೆಲ್ಲ ಗಾಜಿನವು. ಜನರಿಗೆ ಹೆಸರುಗಳಿಲ್ಲ, ಅಂಕಿಗಳುಂಟು. ೧೯೨೪ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಆ ಪುಸ್ತಕವನ್ನು ಅವನ ಸ್ವದೇಶದವರು ತಮ್ಮ ನೆಲದಲ್ಲಿ ಅಚ್ಚಾದದ್ದನ್ನು ಕಾಣಬೇಕಾದರೆ ೧೯೮೮ರ ತನಕ ಕಾಯಬೇಕಾಯಿತು. ಅದರಲ್ಲಿಯೂ ಒಂದು ಹೆಣ್ಣಿನ ಮೇಲಿನ ಮೋಹವೇ ಕಥಾನಾಯಕನನ್ನು ರಾಜ್ಯದ ಲೆಕ್ಕದಿಂದ ಹೊರಗೆಳೆಯುತ್ತದೆ. ಇದು ನನ್ನ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಚೆನ್ನಾಗಿ ಬಂದಿತ್ತು. ನನ್ನ ನಿದ್ದೆ ಹೋದದ್ದು ಬೇರೆ ಒಂದು ಕಾರಣದಿಂದ.

ಆರ್ವೆಲ್ಲನು ಒಂದು ಕಡೆ ಮಾತಿಗೆ ಮಾತು ಬಂದಂತೆ ಒಂದು ಸಂಗತಿಯನ್ನು ಹೇಳಿ ಮುಂದೆ ಹೋಗುತ್ತಾನೆ. ಆ ರಾಜ್ಯದಲ್ಲಿ ಅಂಚೆಯ ಕಾಗದಗಳನ್ನೆಲ್ಲ ದಾರಿಯಲ್ಲಿಯೇ ತೆರೆದು ನೋಡುವ ಪದ್ಧತಿಯಿತ್ತು. ಅದು ಗುಟ್ಟಿನ ಸಂಗತಿಯೂ ಆಗಿರಲಿಲ್ಲ. ಆದ್ದರಿಂದ ಜನರು ಕಾಗದ ಬರೆಯುವದನ್ನೇ ಹೆಚ್ಚುಕಡಿಮೆ ಬಿಟ್ಟುಬಿಟ್ಟಿದ್ದರು. ಈ ಕಾರಣದಿಂದಲೇ ಜೂಲಿಯಾ ತನ್ನ ಪ್ರೀತಿಯನ್ನು ತಿಳಿಸುವ ಚೀಟಿಯನ್ನು, ಎಡವಿ ಬಿದ್ದವಳಂತೆ ನಟಿಸಿ, ಮೇಲೆಬ್ಬಿಸಲು ಬಂದವನ ಅಂಗೈಯಲ್ಲಿ ತುರುಕಬೇಕಾಗುತ್ತದೆ. ಇದನ್ನೋದಿ ನಾನು ಪುಸ್ತಕವನ್ನು ಮುಚ್ಚಿ ಅಂಗಳಕ್ಕೆ ಬಂದೆನು. ಯಾಕಂದರೆ ಆ ಕೆಲಸವನ್ನು ನಾನು ನಾಲ್ಕು ವರ್ಷ ಮಾಡಿದ್ದೆನು.

ಇಪ್ಪತ್ತು ವರುಷಗಳ ಮೇಲಿನ ಮಾತು. ತರಬೇತಿಯನ್ನು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆನು. ಈ ಊರಲ್ಲ, ಬೇರೊಂದು ಊರು. ಪಾಠದೊಂದಿಗೆ ವಸತಿಗೃಹದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತು. ಹುಡುಗಿಯರಿಗೆ ಬರುವ ಕಾಗದಗಳನ್ನು ಮೇಲ್ವಿಚಾರಕಿಯು ತೆರೆದು ಓದಿದ ಮೇಲೆ ಕೊಡತಕ್ಕದ್ದೆಂದು ನಿಯಮವಿತ್ತು. ನಾನು ಹುಡುಗಿಯಾಗಿದ್ದಾಗ ನನ್ನ ಕಾಗದಗಳನ್ನೂ ಹೀಗೆಯೇ ಓದಿದ್ದರು. ಅಪ್ಪನು ಬರೆದ ಐದು ಸಾಲಿನ ಕಾರ್ಡನ್ನು ಸಹ. ಆದಕಾರಣ ಅದು ತಪ್ಪೆಂದು ನನಗೆ ತೋಚಲೇ ಇಲ್ಲ. ಶನಿವಾರ ಮಧ್ಯಾಹ್ನ ಒಂದು ಚಿಕ್ಕ ಚೂರಿಯನ್ನಿಟ್ಟುಕೊಂಡು ಲಕ್ಕೋಟೆಗಳ ಅಂಚುಗಳನ್ನು ಸೀಳುತ್ತಿದ್ದೆನು. ತಾಯಂದಿರ ಕಾಗದಗಳಲ್ಲಿ ಜ್ವರ, ಹೊಲ, ತಮ್ಮನ ಹಲ್ಲು, ಮಳೆ ಬಾರದ ಚಿಂತೆ ಇವಿಷ್ಟೇ ಇರುತ್ತಿದ್ದವು. ಒಂದು ಶನಿವಾರ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಅವಳ ಊರಿನ ಹುಡುಗನಿಂದ ಒಂದು ಕಾಗದ ಬಂದಿತು. ಹುಡುಗನು ಬೇರೆ ಜಾತಿಯವನು. ಅವನ ಹೆಸರನ್ನೂ ಊರಿನ ಯಾವ ಓಣಿಯವನೆಂಬದನ್ನೂ ನೋಡಿದರೆ ಅದು ತಿಳಿಯುತ್ತಿತ್ತು. ನಾನು ಆ ಹುಡುಗಿಯನ್ನು ಕರೆದು ಒಂದು ಮಾತನ್ನೂ ಕೇಳಲಿಲ್ಲ. ಅವಳ ತಂದೆಗೆ ಹೇಳಿಕಳಿಸಿದೆನು. ಅವರು ಮರುದಿನವೇ ಬಂದರು. ಕಾಗದವನ್ನು ಅವರ ಕೈಗೆ ಕೊಟ್ಟೆನು. ಸಂಜೆಯ ಬಸ್ಸಿಗೆ ಹುಡುಗಿಯ ಟ್ರಂಕು ಹೊರಬಿದ್ದಿತು. ಪರೀಕ್ಷೆಗೆ ಇನ್ನು ಎರಡು ತಿಂಗಳಿದ್ದವು. ಅವಳು ಪರೀಕ್ಷೆಗೆ ಕೂಡ್ರಲಿಲ್ಲ. ಆ ಬೇಸಿಗೆಯಲ್ಲಿಯೇ ಅವಳ ಮದುವೆಯಾಯಿತೆಂದು ಬೇರೆ ಹುಡುಗಿಯರು ಹೇಳಿದರು. ಅವಳಿಗೆ ಆಗ ಹದಿನಾರು ತುಂಬಿತ್ತೋ ಇಲ್ಲವೋ. ಶಾಲೆಯ ಮರ್ಯಾದೆಯನ್ನುಳಿಸಿದೆನೆಂದು ಹಿರಿಯ ಅಧ್ಯಾಪಿಕೆಯೊಬ್ಬರು ನನ್ನನ್ನು ಹೊಗಳಿದರು, ನನಗೂ ಸಂತೋಷವಾಯಿತು.

ಅದೇ ಹೆಣ್ಣುಮಗಳು ಮೂರು ವರ್ಷಗಳ ಕೆಳಗೆ ನಮ್ಮ ಶಾಲೆಗೆ ಬಂದಳು. ಅವಳನ್ನು ಕೊಟ್ಟದ್ದು ನಮ್ಮ ತಾಲ್ಲೂಕಿನ ಒಂದು ಹಳ್ಳಿಗೆ. ಮಗಳನ್ನು ಎಂಟನೆಯ ತರಗತಿಗೆ ಸೇರಿಸಬೇಕಾಗಿತ್ತು. ಅರ್ಜಿಯಲ್ಲಿ ತಾಯಿಯ ವಿದ್ಯಾಭ್ಯಾಸವೆಂಬಲ್ಲಿ ಒಂಬತ್ತನೆಯ ತರಗತಿ ಎಂದು ಬರೆದಳು. ನನಗೆ ಅವಳ ಗುರುತು ಹತ್ತಲಿಲ್ಲ, ಅವಳಿಗೆ ನನ್ನ ಗುರುತು ಹತ್ತಿತು. ಶುಲ್ಕದ ಮಾತುಗಳೆಲ್ಲ ಮುಗಿದು, ಮಗಳು ಹೊರಗೆ ಹೋದ ಮೇಲೆ, ಸೆರಗನ್ನು ಸರಿಮಾಡಿಕೊಳ್ಳುತ್ತ ಸಾವಕಾಶವಾಗಿ ಕೇಳಿದಳು: "ಅಕ್ಕೋರೇ, ಆ ಕಾಗದದಾಗ ಏನಿತ್ತರೀ? ನನಗ ಯಾರೂ ಓದಾಕ ಕೊಡಲಿಲ್ಲ."

ಅವಳಿಗೆ ಅದರಲ್ಲಿ ಏನಿತ್ತೆಂಬದು ಇಷ್ಟು ವರ್ಷಗಳಾದರೂ ಗೊತ್ತಿರಲಿಲ್ಲ. ಅದನ್ನೋದಿದವರು ಇಬ್ಬರೇ, ನಾನು ಮತ್ತು ಅವಳ ತಂದೆ; ಅವರು ಈಗ ಇಲ್ಲ. ನನಗೆ ಅದು ಚೆನ್ನಾಗಿ ನೆನಪಿತ್ತು. ತನಗೆ ಐ.ಟಿ.ಐ.ಯಲ್ಲಿ ಫಿಟ್ಟರ್ ತರಗತಿಗೆ ಪ್ರವೇಶ ಸಿಕ್ಕಿತೆಂದೂ, ನೀನು ಗಣಿತವನ್ನು ಮನಸ್ಸುಗೊಟ್ಟು ಮಾಡೆಂದೂ, ನಿನ್ನ ತಾಯಿಯವರ ಕಾಲು ಈಗ ಹೇಗಿದೆಯೆಂದೂ, ನಿನ್ನ ನೆನಪಾಗುತ್ತದೆಂದೂ ಆ ಹುಡುಗನು ಬರೆದಿದ್ದನು. ಅಷ್ಟೇ. ಅದನ್ನು ಅವಳಿಗೆ ಹೇಳಿದೆನು. ಅವಳು ಕೇಳಿ, "ಅಷ್ಟs ಏನ್ರೀ" ಎಂದು ಎದ್ದುಹೋದಳು. ನನ್ನನ್ನು ಬಯ್ಯಲಿಲ್ಲ, ಅತ್ತದ್ದೂ ಇಲ್ಲ. ಅವಳ ಮಗಳು ಈಗ ನಮ್ಮಲ್ಲಿ ಹತ್ತನೆಯ ತರಗತಿಯಲ್ಲಿದ್ದಾಳೆ.

ಇನ್ನು ನನ್ನ ವಿದ್ಯಾರ್ಥಿನಿಯ ಪ್ರಬಂಧಕ್ಕೆ ಬರುತ್ತೇನೆ. ನಿಷಿದ್ಧ ಪ್ರೇಮವು ದಂಗೆಯೆಂದು ಅವಳು ಬರೆದದ್ದಕ್ಕೆ ನಾನು ಅಂಚಿನಲ್ಲಿ ಒಂದು ಪ್ರಶ್ನೆಯ ಚಿಹ್ನೆಯನ್ನು ಹಾಕಿದೆನು. ದಂಗೆಯೆಂದು ಹೆಸರಿಟ್ಟವರು ಯಾರು? ಜೂಲಿಯಾಳಂತೂ ಅಲ್ಲ. ವಿನ್‌ಸ್ಟನ್ನನು ರಾಜ್ಯತತ್ತ್ವದ ನಿಷಿದ್ಧ ಗ್ರಂಥವನ್ನು ಅವಳಿಗೆ ಓದಿ ಹೇಳುತ್ತಿರುವಾಗ ಆ ಹುಡುಗಿಯು ಹಾಯಾಗಿ ನಿದ್ದೆ ಹೋಗುತ್ತಾಳೆ! ಅವಳಿಗೆ ಬೇಕಾದದ್ದು ನಿಜವಾದ ಕಾಫಿ, ನಿಜವಾದ ಸಕ್ಕರೆ, ಒಂದಿಷ್ಟು ಹೊತ್ತು ತನ್ನದಾದ ಒಂದು ಕೋಣೆ. ನೋಡುವ ಕಣ್ಣು ಇದನ್ನೆಲ್ಲ ರಾಜದ್ರೋಹವೆಂದು ಬರೆದುಕೊಂಡಿತು. ನನ್ನ ವಸತಿಗೃಹದ ಹುಡುಗಿಯೂ ಹಾಗೆಯೇ. ಅವಳು ಯಾವ ಜಾತಿಪದ್ಧತಿಯ ಮೇಲೂ ಯುದ್ಧ ಹೂಡಿರಲಿಲ್ಲ. ಲಕ್ಕೋಟೆಯನ್ನು ಸೀಳಿದ ನಾನೇ ಅವಳನ್ನು ಬಂಡುಕೋರಳನ್ನಾಗಿ ಮಾಡಿದೆನು. ಯಾವ ಮನೆಯಲ್ಲಿ ಮಗಳ ಮನಸ್ಸಿನ ಮಾತು ಅಪರಾಧವಲ್ಲವೋ ಆ ಮನೆಯಲ್ಲಿ ಪ್ರೇಮವು ಪ್ರೇಮವಾಗಿಯೇ ಇರುತ್ತದೆ, ಒಮ್ಮೊಮ್ಮೆ ಆರು ತಿಂಗಳಲ್ಲಿ ತಾನಾಗಿ ಆರಿಯೂ ಹೋಗುತ್ತದೆ. ಇದನ್ನು ಬಾಲಿಕೆಯರೊಡನೆ ಇಪ್ಪತ್ತೈದು ವರುಷ ಕಳೆದವಳ ಅನುಭವವೆಂದು ತಿಳಿಯಬೇಕು.

ಪ್ರಬಂಧದಲ್ಲಿ ಇನ್ನೊಂದು ಕೊರತೆಯಿತ್ತು. ಪ್ರೀತಿಸುವವರೇ ನಿಜವಾದ ವೀರರೆಂದು ಬರೆದವಳು ಕಥೆಯ ಕೊನೆಯನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿದ್ದಳು. ಕೊನೆಯಲ್ಲಿ ಆಗುವದೇನು? ತಮ್ಮಿಂದ ಏನನ್ನಾದರೂ ಬಾಯಿಬಿಡಿಸಬಹುದು, ಆದರೆ ಒಳಗಿನ ಪ್ರೀತಿಯನ್ನು ಕಿತ್ತುಕೊಳ್ಳಲಾರರೆಂದು ಆ ಇಬ್ಬರೂ ನಂಬಿದ್ದರು. ಸೆರೆಮನೆಯ ನೂರಾಒಂದನೆಯ ಕೋಣೆಯಲ್ಲಿ ಇಲಿಗಳ ಪಂಜರವನ್ನು ಮುಖದ ಹತ್ತಿರ ತಂದಾಗ, ತನಗೆ ಬೇಡ, ಜೂಲಿಯಾಳಿಗೆ ಮಾಡಿರೆಂದು ವಿನ್‌ಸ್ಟನ್ನನು ಕೂಗಿಕೊಳ್ಳುತ್ತಾನೆ. ಅವಳೂ ಬೇರೆಡೆಗೆ ಅದನ್ನೇ ಮಾಡಿರುತ್ತಾಳೆ. ಮುಂದೆ ಮಾರ್ಚ್ ತಿಂಗಳ ಚಳಿಯ ಒಂದು ದಿನ ಉದ್ಯಾನದಲ್ಲಿ ಇಬ್ಬರೂ ಭೆಟ್ಟಿಯಾಗಿ, ಒಬ್ಬರನ್ನೊಬ್ಬರು ಬಿಟ್ಟುಕೊಟ್ಟದ್ದನ್ನು ಹೇಳಿಕೊಂಡು ಬೇರೆಯಾಗುತ್ತಾರೆ. ಅವರ ಪ್ರೀತಿಯು ಸುಳ್ಳಾಗಿರಲಿಲ್ಲ. ಆದರೆ ಅದಕ್ಕೆ ಮೂರನೆಯವರೊಬ್ಬರಿರಲಿಲ್ಲ. ತಾಯಿಯಿಲ್ಲ, ಗೆಳತಿಯಿಲ್ಲ, ನೆರೆಮನೆಯವರಿಲ್ಲ. ಸಾಕ್ಷಿಯಾಗಿದ್ದ ಒಬ್ಬನೇ ಮುದುಕನು ಗೂಢಚಾರನು. ಇಬ್ಬರೇ ಒಂದು ಕೋಣೆಯಲ್ಲಿ ಅಡಗಿಕೊಂಡು ಒಂದು ರಾಜ್ಯದ ಭಾರವನ್ನು ಹೊರಲಾರರೆಂಬದನ್ನು ನಾನು ಈ ಕಥೆಯಿಂದ ತಿಳಿದುಕೊಂಡೆನು.

ಇದು ಕಲ್ಪಿತ ಕಥೆಯಾಯಿತು. ಒಂದು ನಿಷಿದ್ಧ ವಿವಾಹಕ್ಕಾಗಿ ರಾಜ್ಯವೇ ಅಲುಗಾಡಿದ ಪ್ರಸಂಗವು ನಮ್ಮ ನಾಡಿನಲ್ಲಿಯೇ ಉಂಟು. ಹನ್ನೆರಡನೆಯ ಶತಮಾನದಲ್ಲಿ, ಕಲಚುರಿ ಬಿಜ್ಜಳನು ಆಳುತ್ತಿದ್ದಾಗ, ಕಲ್ಯಾಣದಲ್ಲಿ ನಡೆದದ್ದೆಂದು ಶರಣಪರಂಪರೆಯು ಹೇಳಿಕೊಂಡು ಬಂದ ಆ ಮದುವೆಯನ್ನು ನೀವೆಲ್ಲರೂ ಬಲ್ಲಿರಿ. ಪಾದರಕ್ಷೆ ಮಾಡುವ ಹರಳಯ್ಯನವರ ಮಗನಿಗೆ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳನ್ನು ಕೊಟ್ಟರು. ಇದು ವರ್ಣಸಂಕರವೆಂದು ರಾಜನಿಗೆ ದೂರು ಹೋಯಿತು. ತಂದೆಯರಿಬ್ಬರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಕಥೆ. ಅನಂತರ ಬಿಜ್ಜಳನ ಕೊಲೆಯಾಗಿ ಶರಣರು ದಿಕ್ಕುದಿಕ್ಕಿಗೆ ಚದರಿದರು. ೧೧೬೭-೬೮ರ ಸುಮಾರಿಗೆ ಬಿಜ್ಜಳನ ಆಳಿಕೆಯು ಮುಗಿದುದು ಚರಿತ್ರೆಗೆ ತಿಳಿದ ಸಂಗತಿ. ಪಿ. ಲಂಕೇಶರು ‘ಸಂಕ್ರಾಂತಿ’ಯಲ್ಲಿ, ಗಿರೀಶ ಕಾರ್ನಾಡರು ೧೯೯೦ರ ‘ತಲೆದಂಡ’ದಲ್ಲಿ ಈ ಕಾಲವನ್ನೇ ನಾಟಕಕ್ಕೆ ತೆಗೆದುಕೊಂಡರು. ಮದುವೆಯ ಸುದ್ದಿಯನ್ನು ಕೇಳಿ ಕಾರ್ನಾಡರ ಬಸವಣ್ಣನವರು ಮೊದಲು ಹಿಗ್ಗುವದಿಲ್ಲ, ಅಂಜುತ್ತಾರೆ. ಪಾಲಕರು ಈ ಭಾಗವನ್ನು ಓದಬೇಕು. ಅಂಜುವದು ತಪ್ಪಲ್ಲ, ಅಂಜಿದ ಮೇಲೆ ಯಾರ ಪಕ್ಕದಲ್ಲಿ ನಿಲ್ಲುತ್ತೇವೆಂಬದೇ ಪ್ರಶ್ನೆ.

ಕಲ್ಯಾಣದ ಮದುವೆಗೂ ಲಂಡನ್ನಿನ ಆ ಕೋಣೆಗೂ ಇರುವ ಭೇದವನ್ನು ಗಮನಿಸಿರಿ. ಕಲ್ಯಾಣದಲ್ಲಿ ಬಾಗಿಲು ಹಾಕಿಕೊಂಡು ಯಾರೂ ಪ್ರೀತಿಸಲಿಲ್ಲ. ತಂದೆತಾಯಿಗಳು ಕೂತು ಮಾತಾಡಿ, ಹತ್ತು ಜನರ ಎದುರಿಗೆ, ಹಗಲು ಬೆಳಕಿನಲ್ಲಿ ಸಂಬಂಧವನ್ನು ಮಾಡಿದರು. ಅದಕ್ಕೆ ಬಂದ ಶಿಕ್ಷೆಯು ಇಲಿಯ ಪಂಜರಕ್ಕಿಂತ ಕಡಿಮೆಯದಲ್ಲ; ಆದರೂ ಹರಳಯ್ಯನವರು ಮಧುವರಸರನ್ನಾಗಲಿ, ಮಧುವರಸರು ಹರಳಯ್ಯನವರನ್ನಾಗಲಿ ಬಿಟ್ಟುಕೊಟ್ಟರೆಂದು ಯಾವ ಕಥೆಯೂ ಹೇಳುವದಿಲ್ಲ. ಪ್ರಾಣ ಕೊಟ್ಟವರು ತಂದೆಯರು. ಮಗಳ ಮದುವೆಗಾಗಿ ಮಗಳನ್ನು ಕೊಂದ ತಂದೆಯರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುವ ನಾವು, ಮಗಳ ಮದುವೆಗಾಗಿ ತಾವು ಸತ್ತ ತಂದೆಯರ ನಾಡಿನಲ್ಲಿದ್ದೇವೆಂಬದನ್ನು ಮರೆತಿದ್ದೇವೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳಬೇಕು. ಆ ವಧುವಿಗೆ ಏನನ್ನಿಸಿತು? ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ವಚನಗಳು ನಮಗೆ ದೊರೆತಿವೆ. ಕದಿರ ಕಾಯಕದವಳು, ಕಸಗುಡಿಸುವವಳು, ಬೆಲೆವೆಣ್ಣಾಗಿದ್ದವಳು, ಎಲ್ಲರೂ ಮಾತಾಡಿದ್ದಾರೆ. ಈ ಹುಡುಗಿಯದೊಂದು ಮಾತಿಲ್ಲ. ಅವಳ ಹೆಸರನ್ನು ಸಹ ಒಬ್ಬರು ಲಾವಣ್ಯವೆನ್ನುತ್ತಾರೆ, ಮತ್ತೊಬ್ಬರು ಕಲಾವತಿಯೆನ್ನುತ್ತಾರೆ. ಆ ಹುಡುಗನ ಮೇಲೆ ಅವಳಿಗೆ ಮನಸ್ಸಿತ್ತೋ, ಅಥವಾ ದೊಡ್ಡವರ ಧರ್ಮಕ್ಕೆ ಅವಳು ತಲೆಬಾಗಿದಳೋ ಹೇಳುವವರಿಲ್ಲ. ನಾಟಕಕಾರರು ಆ ತೆರಪನ್ನು ತಮ್ಮ ಕಲ್ಪನೆಯಿಂದ ತುಂಬಬೇಕಾಯಿತು. ಹೆಣ್ಣಿನ ಕಾಗದವು ಅವಳಿಗೆ ತಲುಪದೆ ಹೋಗುವದು ನಮ್ಮಲ್ಲಿ ನನ್ನ ಶನಿವಾರದ ಚೂರಿಯಿಂದ ಮೊದಲಾದದ್ದಲ್ಲ.

ನಮ್ಮ ತಾಲ್ಲೂಕಿನವರಿಗೆ ಕಲ್ಯಾಣವು ಪರಸ್ಥಳವೂ ಅಲ್ಲ. ಗುರುಗುಂಟೆಯ ಅಮರೇಶ್ವರಕ್ಕೆ ಜಾತ್ರೆಗೆ ಹೋಗದವರು ನಮ್ಮಲ್ಲಿ ಕಡಿಮೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಆ ಅಮರೇಶ್ವರದಿಂದಲೇ ಕಲ್ಯಾಣಕ್ಕೆ ಹೋದ ದಂಪತಿಗಳು; ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡಿಸಿದವರು. ಒಂದು ದಿನ ಗಂಡನು ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅವನನ್ನು ತಡೆದು, ಹೆಚ್ಚಾದದ್ದನ್ನು ಹಿಂದಕ್ಕೆ ಚೆಲ್ಲಿ ಬಾರೆಂದಳು. ಗಂಡನು ಸಿಟ್ಟಾಗಲಿಲ್ಲ, ಚೆಲ್ಲಿ ಬಂದನು. ಈ ಕಥೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ದುರಾಸೆಯ ಪಾಠವೆಂದು ಹೇಳುತ್ತಿದ್ದೆನು. ಈಚೆಗೆ ಬೇರೆ ತರಹ ಹೇಳುತ್ತೇನೆ: ಇದು ಹೆಂಡತಿಯ ಮಾತನ್ನು ಗಂಡನು ಕೇಳಿದ ಮನೆ. ಮನೆಯಲ್ಲಿ ಒಬ್ಬಳ ಮಾತು ನಡೆಯುವದಾದರೆ ಅವಳು ಚೀಟಿಯನ್ನು ಅಂಗೈಯಲ್ಲಿ ಬಚ್ಚಿಡಬೇಕಾಗುವದಿಲ್ಲ.

ಹತ್ತಿರದ ಇನ್ನೊಂದು ಸಂಗತಿಯನ್ನು ಬರೆಯಲು ಲೇಖನಿಯು ಏಳುವದಿಲ್ಲ. ಆದರೂ ಬರೆಯದಿದ್ದರೆ ಮೇಲಿನದೆಲ್ಲ ಬರಿಯ ಪುರಾಣವಾಗುತ್ತದೆ. ೨೦೨೦ನೆಯ ಇಸವಿಯ ಜುಲೈ ತಿಂಗಳಲ್ಲಿ ನಮ್ಮ ನೆರೆಯ ಸಿಂಧನೂರಿನಲ್ಲಿ, ಮನೆಯವರು ಒಪ್ಪದ ಒಂದು ಪ್ರೇಮವಿವಾಹದ ಹಗೆಯಿಂದ, ಹುಡುಗನ ಮನೆಯ ಐದು ಮಂದಿಯ ಕೊಲೆಯಾಯಿತು. ೨೦೨೫ರ ಏಪ್ರಿಲಿನಲ್ಲಿ ಅಲ್ಲಿಯ ಸೆಷನ್ಸ್ ನ್ಯಾಯಾಲಯವು ಮೂವರಿಗೆ ಮರಣದಂಡನೆಯನ್ನೂ ಒಂಬತ್ತು ಮಂದಿಗೆ ಜೀವಾವಧಿಯ ಸೆರೆಯನ್ನೂ ವಿಧಿಸಿತು. ಎರಡು ಮನೆಗಳು ಬರಿದಾದವು. ಆ ದಿನ ನಮ್ಮ ಅಧ್ಯಾಪಿಕೆಯರ ಕೋಣೆಯಲ್ಲಿ ಯಾರೂ ಊಟದ ಡಬ್ಬಿಯನ್ನು ತೆರೆಯಲಿಲ್ಲ. ಆ ಹುಡುಗಿಗೆ ತನ್ನ ಮನಸ್ಸನ್ನು ಮೊದಲ ಸಾರೆ ಹೇಳಿಕೊಳ್ಳಲು ಒಬ್ಬ ಸೋದರತ್ತೆಯೋ, ಒಬ್ಬ ಅಧ್ಯಾಪಿಕೆಯೋ ಇದ್ದಿದ್ದರೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಕಾಯಿದೆಯ ವಿಷಯವನ್ನು ಹೆಚ್ಚು ಬೆಳೆಸುವದಿಲ್ಲ. ೧೯೫೪ರ ವಿಶೇಷ ವಿವಾಹ ಕಾಯಿದೆಯು ಬೇರೆ ಬೇರೆ ಮತದವರಿಗೆ ತಮ್ಮ ಮತವನ್ನು ಬಿಡದೆ ಮದುವೆಯಾಗುವ ದಾರಿಯನ್ನು ತೆರೆಯಿತು. ಆದರೆ ಅದರಲ್ಲಿಯೇ ಮೂವತ್ತು ದಿವಸಗಳ ನೋಟೀಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸತಕ್ಕದ್ದೆಂಬ ನಿಯಮವೂ ಉಂಟು; ಅಂಜಿಕೊಂಡು ಬಂದವರ ಹೆಸರನ್ನು ಅಂಜಿಸುವವರಿಗೆ ತೋರಿಸಿದಂತೆ ಇದು! ೨೦೧೮ರಲ್ಲಿ ಸುಪ್ರೀಂ ಕೋರ್ಟು, ವಯಸ್ಕರಾದ ಇಬ್ಬರು ಒಪ್ಪಿ ಮದುವೆಯಾದರೆ ಜಾತಿಯ ಪಂಚಾಯತಿಗಳು ನಡುವೆ ಬರಕೂಡದೆಂದೂ, ಅಪಾಯವಿದ್ದವರಿಗೆ ರಕ್ಷಣೆ ಕೊಡಬೇಕೆಂದೂ ಆಜ್ಞೆ ಮಾಡಿತು. ೨೦೨೧ರ ಫೆಬ್ರುವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಿಂದ ಹೋದ ಒಂದು ಮೊಕದ್ದಮೆಯಲ್ಲಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆತನದ ಇಲ್ಲವೆ ಕುಲದ ಒಪ್ಪಿಗೆಯು ಅವಶ್ಯವಲ್ಲವೆಂದು ಹೇಳಿತು. ಡಾಕ್ಟರ್ ಅಂಬೇಡ್ಕರರು ೧೯೩೬ರಲ್ಲಿಯೇ ಜಾತಿಯನ್ನು ಮುರಿಯುವ ನಿಜವಾದ ಮದ್ದು ಅಂತರ್ಜಾತೀಯ ವಿವಾಹವೆಂದು ಬರೆದಿದ್ದರು. ಇವೆಲ್ಲ ನಮ್ಮ ಹುಡುಗಿಯರ ಪೌರನೀತಿಯ ಪಾಠದಲ್ಲಿ ಬರುತ್ತವೆ. ಹುಡುಗಿಯರು ಇದನ್ನು ಕಂಠಪಾಠ ಮಾಡಿ ನೂರಕ್ಕೆ ತೊಂಬತ್ತು ಅಂಕಗಳನ್ನು ತಂದರೆ ಹಿಗ್ಗುವ ಪಾಲಕರೇ, ಪಾಠದಂತೆ ನಡೆದರೆ ಟ್ರಂಕು ಕಟ್ಟಿಸುತ್ತಾರೆ.

ಈ ಮಾತನ್ನು ಬೇರೆಯವರಿಗೆ ಹೇಳಿ ನಾವು ತಪ್ಪಿಸಿಕೊಳ್ಳಲಾಗದು. ಒಂದೇ ಪಂಕ್ತಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸುವ ನಮ್ಮ ಕ್ರೈಸ್ತ ಮನೆತನಗಳಲ್ಲಿಯೂ, ಮದುವೆಯ ಮಾತು ಬಂದಾಗ, ನಿಮ್ಮ ಹಿರಿಯರು ಮೊದಲು ಯಾರಾಗಿದ್ದರೆಂದು ಮೆಲ್ಲಗೆ ವಿಚಾರಿಸುವವರುಂಟು. ನಾನು ಇದನ್ನು ನನ್ನ ಸ್ವಂತ ಮನೆಯಲ್ಲಿಯೇ ಕೇಳಿದ್ದೇನೆ.

ಹಾಗಾದರೆ ಹದಿನೈದರ ಹುಡುಗಿಯರಿಗೆ ಪ್ರೇಮವೇ ಸ್ವಾತಂತ್ರ್ಯವೆಂದು ಬೋಧಿಸುತ್ತೀರಾ ಎಂದು ಕೇಳುವಿರಿ. ಖಂಡಿತವಾಗಿ ಇಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆಯು, ಅದನ್ನು ತಂದೆಯು ಮಾಡಲಿ, ಅವಳೇ ಓಡಿಹೋಗಿ ಮಾಡಿಕೊಳ್ಳಲಿ, ಅಪರಾಧಕ್ಕೆ ದಾರಿಯಾಗುವದು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಯೂ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಕುರಿತ ೨೦೧೨ರ ಕಾಯಿದೆಯೂ ಇದರಲ್ಲಿ ಸಡಿಲು ಬಿಡುವದಿಲ್ಲ. ಹುಡುಗಿಯನ್ನು ಪುಸಲಾಯಿಸುವ ದುಷ್ಟರೂ ಇದ್ದಾರೆ. ಫೋನಿನಲ್ಲಿ ಸಿಹಿಮಾತನಾಡಿ ಚಿತ್ರ ತೆಗೆದುಕೊಂಡು ಬೆದರಿಸಿದವರನ್ನು ನಾನೇ ಪೊಲೀಸರಿಗೆ ಒಪ್ಪಿಸಿದ್ದೇನೆ. ಆ ಹುಡುಗಿಯು ತಾನಾಗಿ ನನ್ನ ಕೋಣೆಗೆ ಬಂದು ಅಳುತ್ತ ಹೇಳಿದ್ದರಿಂದ ಮಾತ್ರ ಅದು ಸಾಧ್ಯವಾಯಿತು. ನಾನು ಅವಳ ಫೋನನ್ನು ಕಸಿದುಕೊಂಡು ನೋಡುವವಳಾಗಿದ್ದರೆ ಅವಳು ಬರುತ್ತಿದ್ದಳೇ? ಅವಳು ಎಲ್ಲವನ್ನೂ ಅಳಿಸಿಹಾಕಿ, ಬೆದರಿಕೆಯನ್ನು ಒಬ್ಬಳೇ ನುಂಗಿಕೊಂಡು, ಯಾವ ಭಾವಿಯನ್ನು ಹುಡುಕುತ್ತಿದ್ದಳೋ ನಾನರಿಯೆನು. ಕಾವಲು ಬಿಗಿಯಾದಷ್ಟು ಕಳ್ಳನಿಗೇ ಅನುಕೂಲವಾಗುವ ಮನೆಗಳನ್ನು ನಾನು ಕಂಡಿದ್ದೇನೆ.

ಆರ್ವೆಲ್ಲನ ಕಥೆಯಲ್ಲಿ ಒಬ್ಬ ತಾಯಿ ಬರುತ್ತಾಳೆ. ವಿನ್‌ಸ್ಟನ್ನನು ಹುಡುಗನಾಗಿದ್ದಾಗ ಹಸಿವೆಯಿಂದ ಪುಟ್ಟ ತಂಗಿಯ ಪಾಲಿನ ಚಾಕಲೇಟನ್ನು ಕಸಿದುಕೊಂಡು ಓಡುತ್ತಾನೆ. ತಾಯಿಯು ಅಳುವ ಮಗುವನ್ನು ಎದೆಗವಚಿಕೊಳ್ಳುತ್ತಾಳೆ. ಅದರಿಂದ ಚಾಕಲೇಟು ಹುಟ್ಟಲಿಲ್ಲ, ಮಗುವಿನ ಮರಣವೂ ತಪ್ಪಲಿಲ್ಲ, ಆದರೂ ಅಪ್ಪಿಕೊಂಡಳು. ಈ ನೆನಪು ಅವನಿಗೆ ಬರುವದು ಜೂಲಿಯಾಳ ಬದಿಯಲ್ಲಿ ಎಚ್ಚತ್ತಾಗ. ನನ್ನ ವಿದ್ಯಾರ್ಥಿನಿಯು ಇದನ್ನು ಬಿಟ್ಟುಬಿಟ್ಟಿದ್ದಳು. ಸೇರಿಸೆಂದು ಕೆಂಪಕ್ಷರದಲ್ಲಿ ಬರೆದೆನು. ಪ್ರೇಮಿಗಳ ಪ್ರೀತಿ ಮತ್ತು ತಾಯಿಯ ಪ್ರೀತಿ ಎಂದು ನಾವು ಎರಡು ಪೆಟ್ಟಿಗೆಗಳಲ್ಲಿ ಇಡುವದನ್ನು ಆ ಗ್ರಂಥಕರ್ತನು ಒಂದೇ ಕಡೆ ಇಟ್ಟಿದ್ದಾನೆ.

ಮೂರು ವರ್ಷಗಳಿಂದ ನಮ್ಮ ವಸತಿಗೃಹದಲ್ಲಿ ಹುಡುಗಿಯರ ಕಾಗದಗಳನ್ನು ತೆರೆಯುವದನ್ನು ನಿಲ್ಲಿಸಿದ್ದೇನೆ. ಈಗ ಕಾಗದ ಬರೆಯುವವರೇ ವಿರಳವೆಂಬದೂ ನಿಜ. ರವಿವಾರ ಮನೆಗೆ ಮಾತಾಡಲು ಕೊಡುವ ಫೋನಿನ ಬದಿಯಲ್ಲಿ ಮೇಲ್ವಿಚಾರಕಿಯು ನಿಂತು ಕೇಳುತ್ತಿದ್ದುದನ್ನೂ ನಿಲ್ಲಿಸಿದ್ದೇನೆ. ಗೇಟಿನ ಕಾವಲು, ರಾತ್ರಿಯ ಹಾಜರಿ, ಪರಸ್ಥಳದವರ ಭೆಟ್ಟಿಗೆ ಪಾಲಕರ ಒಪ್ಪಿಗೆ ಇವು ಮೊದಲಿನಂತೆಯೇ ಇವೆ. ಗುರುವಾರ ಸಂಜೆ ನಾಲ್ಕೂವರೆಯಿಂದ ಆರರ ತನಕ ನಾನು ನನ್ನ ಕೋಣೆಯಲ್ಲಿ ಒಬ್ಬಳೇ ಕೂತಿರುತ್ತೇನೆ. ಯಾವ ಹುಡುಗಿ ಬೇಕಾದರೂ ಏನನ್ನಾದರೂ ಹೇಳಬಹುದು. ಪ್ರಾಣಕ್ಕೆ ಇಲ್ಲವೆ ಮಾನಕ್ಕೆ ಅಪಾಯವಿದ್ದ ಹೊರತು ನಾನು ಅದನ್ನು ಹೊರಗೆ ಹೇಳುವದಿಲ್ಲವೆಂದು, ಅಪಾಯವಿದ್ದರೆ ಹೇಳಿಯೇ ಹೇಳುತ್ತೇನೆಂದು, ಅವರಿಗೆ ಮೊದಲೇ ತಿಳಿಸಿದ್ದೇನೆ. ಮೊದಲನೆಯ ಆರು ತಿಂಗಳು ಯಾರೂ ಬರಲಿಲ್ಲ. ಈಗ ಹೊರಗಿನ ಬೆಂಚು ಸಾಲುವದಿಲ್ಲ. ಪ್ರೇಮದ ಮಾತು ಹತ್ತರಲ್ಲಿ ಒಂದೂ ಇರುವದಿಲ್ಲ. ಅಪ್ಪನ ಕುಡಿತ, ಅಕ್ಕನ ಬಾಣಂತನ, ಗಣಿತದ ಅಂಜಿಕೆ, ಹಟ್ಟಿಯ ಗಣಿಯಲ್ಲಿ ಕೆಲಸ ಮಾಡುವ ಅಣ್ಣನ ಕೆಮ್ಮು, ಇವೇ ಹೆಚ್ಚು.

ಈ ಬದಲಾವಣೆಗೆ ಹನ್ನೊಂದು ಮಂದಿ ಪಾಲಕರು ಲಿಖಿತವಾಗಿ ವಿರೋಧವನ್ನು ತಿಳಿಸಿದ್ದಾರೆ. ಇಬ್ಬರು ಮಕ್ಕಳನ್ನು ಬಿಡಿಸಿಕೊಂಡೂ ಹೋಗಿದ್ದಾರೆ. ಅವರ ಕಳವಳವನ್ನು ನಾನು ಹಗುರಾಗಿ ಎಣಿಸಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ಈ ವಿಷಯವನ್ನು ಮೊದಲನೆಯದಾಗಿ ಚರ್ಚೆಗೆ ಇಡಲಾಗುವದು. ಪೂರ್ವವಿದ್ಯಾರ್ಥಿನಿಯರಲ್ಲಿ ಯಾರ ಕಾಗದಗಳು ಇಲ್ಲಿಯಾಗಲಿ ಬೇರೆ ಕಡೆಯಾಗಲಿ ಹೀಗೆ ತೆರೆಯಲ್ಪಟ್ಟಿದ್ದವೋ ಅವರು ಆ ಸಭೆಗೆ ಬಂದು ಎರಡು ಮಾತು ಹೇಳಿದರೆ ನನಗೆ ಬಲವಾಗುವದು. ತಂದೆಯರು ಮಾತ್ರ ಬಂದರೆ ಸಾಲದು, ತಾಯಂದಿರನ್ನೂ ಕರೆದುಕೊಂಡು ಬರಬೇಕು. ಸಭೆಯು ರವಿವಾರ ಮಧ್ಯಾಹ್ನ ಇರುವದರಿಂದ ಮುದಗಲ್ಲು ಮತ್ತು ಮಸ್ಕಿಯ ಕಡೆಯವರಿಗೆ ಸಂಜೆಯ ಬಸ್ಸು ತಪ್ಪಲಾರದು.